ತಪ್ಪು ಯಾರದೆಂದು ಕೇಳದ ಕಲಂ

ಎದುರಿಗೆ ಸಿಕ್ಕರೆ ಜನ ಖುಷಿಪಡುವ ಉದ್ಯೋಗಗಳು ಕೆಲವಿವೆ. ಮಳೆ ಜೋರಾದಾಗ ಶಾಲೆಗೆ ರಜೆ ಕೊಡುವ ತಹಶೀಲ್ದಾರರನ್ನು ಕಂಡರೆ ನಮ್ಮೂರ ಮಕ್ಕಳು ದೇವರನ್ನು ಕಂಡಂತೆ ಕೈ ಮುಗಿಯುತ್ತಾರೆ. ಪೊಲೀಸರನ್ನು ಕಂಡರೆ ಖುಷಿಯಾಗದಿದ್ದರೂ ಒಂದು ನಮಸ್ಕಾರವಾದರೂ ಬೀಳುತ್ತದೆ. ನನ್ನನ್ನು ಕಂಡರೆ ಮಾತ್ರ ಜನ ತಮ್ಮ ಕೈಕಾಲುಗಳೆಲ್ಲ ಇದ್ದಲ್ಲೇ ಇವೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತಾರೆ. ನಾನು ಸಕಲೇಶಪುರದಲ್ಲಿ ಆಕ್ಸಿಡೆಂಟ್ ಲಾಯರು. ವಾಹನ ಅಪಘಾತದಲ್ಲಿ ಮೈ ಮುರಿದುಕೊಂಡವರಿಗೆ, ತೀರಿಕೊಂಡವರ ಮನೆಯವರಿಗೆ ವಿಮಾ ಕಂಪನಿಯಿಂದ ಪರಿಹಾರ ಕೊಡಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ಎಷ್ಟೇ ಚೆನ್ನಾಗಿ ಹೆಸರು ಮಾಡಿದರೂ ಜನ ನನಗೆ ಹೇಳುವ ಅತ್ಯಂತ ಒಳ್ಳೆಯ ಮಾತೆಂದರೆ, "ನಿಮ್ಮ ಹತ್ರ ಬರೋ ಹಂಗೆ ಆಗ್ದೇ ಇರ್ಲಿ ಸಾರ್" ಎಂಬುದು. ಮದುವೆ ಮನೆಯಲ್ಲಿ ಗಂಡಿನ ತಂದೆ ನನ್ನ ಕೈ ಕುಲುಕಿ, ಊಟ ಮಾಡಿಸಿ, ತಾಂಬೂಲ ಕೊಟ್ಟು, ಕೊನೆಗೆ ಈ ಹಾರೈಕೆಯನ್ನೂ ಕೊಟ್ಟೇ ಕಳಿಸುತ್ತಾನೆ. ಬಸ್ ಸ್ಟ್ಯಾಂಡಿನ ಬಳಿ ನನ್ನನ್ನು ಕಂಡ ಬೈಕಿನವರು ಹ್ಯಾಂಡಲಿಗೆ ನೇತುಹಾಕಿದ್ದ ಹೆಲ್ಮೆಟನ್ನು ತೆಗೆದು ತಲೆಗೆ ಹಾಕಿಕೊಳ್ಳುವುದನ್ನೂ ನೋಡಿದ್ದೇನೆ. ದಂಡ ಹಾಕಿದರೂ ಆಗದ ಕೆಲಸ ನನ್ನ ಮುಖದಿಂದ ಆಗಿದೆ.

ಒಮ್ಮೆ ಆಸೆಪಟ್ಟು ಕ್ಯಾಲೆಂಡರ್ ಮಾಡಿಸಿದ್ದೆ. ಮೇಲೆ ಲಕ್ಷ್ಮಿಯ ಚಿತ್ರ, ಕೆಳಗೆ ನನ್ನ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಮೋಟಾರು ಅಪಘಾತ ಪ್ರಕರಣಗಳು'. ಬೇಡವೆನ್ನಲು ಸಂಕೋಚಪಟ್ಟು ಎಲ್ಲರೂ ಇಸಿದುಕೊಂಡರು. ಒಂದು ತಿಂಗಳ ಮೇಲೆ ದಿನಸಿ ಅಂಗಡಿಯ ಗೆಳೆಯನಲ್ಲಿಗೆ ಹೋದಾಗ ಕ್ಯಾಲೆಂಡರ್ ಗೋಡೆಯ ಮೇಲಿತ್ತು, ಆದರೆ ನನ್ನ ಹೆಸರಿನ ಭಾಗವನ್ನು ಹಿಂದಕ್ಕೆ ಮಡಚಿ ಅಂಟಿಸಿದ್ದ. "ಬೆಳಿಗ್ಗೆ ಎದ್ದು ಅಂಗಡಿ ಬಾಗ್ಲು ತೆಗೀತಿದ್ದಂಗೆ ಅದೇ ಕಾಣುಸ್ತದೆ ಮಾರಾಯ, ಬೇಜಾರು ಮಾಡ್ಕೋಬೇಡ" ಎಂದ. ಲಕ್ಷ್ಮಿಗೆ ಮಾತ್ರ ಊದಿನಕಡ್ಡಿ ಹಚ್ಚಿದ್ದ.

ನನಗೇನು ಈ ಕೆಲಸವನ್ನೇ ಮಾಡಬೇಕೆಂಬ ಹಟವಿರಲಿಲ್ಲ. ಜಮೀನಿನ ವ್ಯಾಜ್ಯಗಳ ದೊಡ್ಡ ವಕೀಲನಾಗಬೇಕೆಂದು ಹಾಸನದ ಹಿರಿಯ ವಕೀಲರೊಬ್ಬರ ಕಚೇರಿ ಸೇರಿದ್ದೆ. ಅವರು ಒಂದು ವರ್ಷ ನನ್ನನ್ನು ಗಮನಿಸಿ, "ಜಮೀನಿನ ಕೇಸಿಗೆ ಎರಡು ತಲೆಮಾರಿನ ತಾಳ್ಮೆ ಬೇಕು, ನಿನಗೆ ಎರಡು ಗಂಟೆಯದೂ ಇಲ್ಲ. ನಿಮ್ಮೂರಲ್ಲಿ ಘಾಟಿ ಇದೆ, ಮಂಜಿದೆ, ಹೆಜ್ಜೆಗೊಂದು ತಿರುವಿದೆ. ಊರಿಗೆ ಹೋಗು" ಎಂದರು. ಜನ ಫೋಟೋ ತೆಗೆದುಕೊಳ್ಳಲು ಎಲ್ಲೆಲ್ಲಿಂದಲೋ ಬರುವ ಬೆಟ್ಟಗಳನ್ನು ಅವರು ನನ್ನ ಅನ್ನದ ದಾರಿಯಾಗಿ ತೋರಿಸಿಬಿಟ್ಟರು. ಅವತ್ತಿನಿಂದ ನನ್ನ ಕಣ್ಣು ಕೆಟ್ಟುಹೋಯಿತು. ಆಲೂರಿನಿಂದ ಹೆತ್ತೂರಿನವರೆಗೆ ಯಾವ ತಿರುವಿನಲ್ಲಿ ಹೋದರೂ ನನಗೆ ಹಸಿರು ಕಾಣುವುದಿಲ್ಲ. ಇಲ್ಲಿ ಪುಟ್ಟಸ್ವಾಮಿಯ ಮುರಿದ ಮಂಡಿ, ಅಲ್ಲಿ ಹೆಡ್ ಮಾಸ್ಟರ ಭುಜ, ಆ ಮೋರಿಯ ಹತ್ತಿರ ಮೂವರು ಒಟ್ಟಿಗೆ. ಹೆಂಡತಿ ಸರೋಜ ಕಾರಿನಲ್ಲಿ ಪಕ್ಕಕ್ಕೆ ಕೂತಿದ್ದಾಗ ಬಾಯಿ ಮುಚ್ಚಿಕೊಂಡು ಓಡಿಸಬೇಕೆಂದು ಮದುವೆಯಾದ ಹೊಸತರಲ್ಲೇ ಒಪ್ಪಂದ ಮಾಡಿಕೊಂಡಿದ್ದಾಳೆ. ಆದರೂ ನಾಲಿಗೆ ತಡೆಯುವುದಿಲ್ಲ. ಪರಿಹಾರ ಲೆಕ್ಕ ಹಾಕಲು ಗುಣಕ ಎಂಬುದೊಂದಿದೆ; ಸತ್ತವರ ವಯಸ್ಸು ಏರಿದಂತೆ ಅದು ಇಳಿಯುತ್ತ ಹೋಗುತ್ತದೆ. ನನಗೆ ಐವತ್ತು ತುಂಬಿದ ದಿನ ಪಾಯಸ ಬಡಿಸುತ್ತಿದ್ದ ಸರೋಜಳಿಗೆ, "ಇವತ್ತಿನಿಂದ ನನ್ನ ಗುಣಕ ಇಳೀತು ಕಣೇ. ಸಾಯೋದಿದ್ರೆ ನಿನ್ನೆಯೇ ಸಾಯಬೇಕಿತ್ತು" ಎಂದೆ. ಅವಳು ಸೌಟನ್ನು ಪಾತ್ರೆಗೆ ಹಾಕಿ, ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು. ಆ ಪಾಯಸ ನನಗೆ ಸಿಗಲಿಲ್ಲ.

ಈಗ ಹೇಳಬೇಕೆಂದಿರುವುದು ಬೆಳಗೋಡಿನ ಕಡೆಯ ಕಮಲ ಎಂಬ ಹೆಣ್ಣುಮಗಳ ಕೇಸು. ಅವಳ ಗಂಡ ರಮೇಶ ಎಸ್ಟೇಟುಗಳಲ್ಲಿ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮೋಟಾರು ರಿಪೇರಿ ಮಾಡುತ್ತಿದ್ದ. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದಾಗ ತಿರುವೊಂದರಲ್ಲಿ ಎದುರಿನಿಂದ ಬಂದ ಪಿಕಪ್ ಗಾಡಿಗೆ ಗುದ್ದಿ, ಆಸ್ಪತ್ರೆಗೆ ಸೇರಿಸುವ ಮೊದಲೇ ತೀರಿಕೊಂಡ. ಮೂವತ್ತಾರು ವರ್ಷ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಒಬ್ಬಳು ಮಗಳು, ತಾಯಿ ನಂಜಮ್ಮ. ಪೊಲೀಸರು ಎಲ್ಲ ವಿಚಾರಿಸಿ, ತಪ್ಪು ಬೈಕಿನವನದೇ ಎಂದು ಬರೆದಿದ್ದರು. ಅವನು ಒಂದು ಕೈಯಲ್ಲಿ ಫೋನನ್ನು ಕಿವಿಗೆ ಹಿಡಿದು, ರಸ್ತೆಯ ಬಲಕ್ಕೆ ಬಂದುಬಿಟ್ಟಿದ್ದ. ಆ ಫೋನಿಗೆ ಬಂದ ಕೊನೆಯ ಕರೆ ಕಮಲಳದು.

ಅತ್ತೆ ಸೊಸೆ ಇಬ್ಬರೂ ಪರಿಹಾರಕ್ಕೆ ಹಕ್ಕುದಾರರಾದ್ದರಿಂದ ಇಬ್ಬರೂ ಒಟ್ಟಿಗೆ ಬರಬೇಕಾಗಿತ್ತು. ಬಂದರು. ಒಂದೇ ಬಸ್ಸಿನಲ್ಲಿ ಬಂದರೂ ಒಬ್ಬರು ಮುಂದಿನ ಸೀಟಿನಲ್ಲಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದರಂತೆ. ಕಂಡಕ್ಟರು ಒಬ್ಬರಿಗೆ ಟಿಕೆಟ್ ಕೊಟ್ಟು, ಇನ್ನೊಬ್ಬರು ಬೇರೆ ಪಾರ್ಟಿ ಎಂದುಕೊಂಡಿದ್ದನಂತೆ. ಔಷಧಿ ಅಂಗಡಿಯ ಮಹಡಿಯ ಮೇಲಿರುವ ನನ್ನ ಕಚೇರಿಯಲ್ಲಿ ಒಂದೇ ಬೆಂಚಿದೆ. ನಂಜಮ್ಮ ಅದರ ಆ ತುದಿಗೆ, ಕಮಲ ಈ ತುದಿಗೆ ಕೂತು, ನಡುವೆ ನಾಲ್ಕು ಜನ ಕೂರುವಷ್ಟು ಜಾಗ ಬಿಟ್ಟರು. ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಏನಿದ್ದರೂ ನನ್ನ ಮೂಲಕ.

"ಆಧಾರ್ ಕಾರ್ಡು ತಂದವ್ಳಾ ಕೇಳಿ ಲಾಯರಪ್ಪಾ" ಎನ್ನುವರು ನಂಜಮ್ಮ.

"ತಂದಿದೀನಿ ಅನ್ನಿ ಸಾರ್" ಎನ್ನುವಳು ಕಮಲ.

ನಾನು ತಂದಿದ್ದಾಳಂತೆ ಎಂದು ಆ ಕಡೆ ಹೇಳುವೆ. ಇಬ್ಬರೂ ಕೇಳಿಸಿಕೊಂಡಿದ್ದ ಮಾತನ್ನು ಎರಡನೆಯ ಸಲ ಹೇಳುವುದಕ್ಕೆ ನಾನು ಕಾನೂನು ಓದಿದ್ದೆ.

ನನ್ನಲ್ಲಿ ಒಂದು ದುರ್ಗುಣವಿದೆ. ಪಾಟೀ ಸವಾಲು ಮಾಡಿ ಮಾಡಿ, ಯಾರು ಸಿಕ್ಕರೂ ಕಟಕಟೆಯಲ್ಲಿ ನಿಂತವರಂತೆಯೇ ಕಾಣುತ್ತಾರೆ. ಕಾಗದ ಪತ್ರ ನೋಡುತ್ತ, ಕೇಸು ಕೈ ಬಿಟ್ಟು ಹೋಗುತ್ತಿದೆ ಎಂಬ ಸಿಟ್ಟಿನಲ್ಲಿ ಕೇಳಿದೆ.

"ಫೋನ್ ಮಾಡಿದ್ದು ನೀನೇನಮ್ಮಾ?"

"ಹೂಂ ಸಾರ್."

"ಯಾಕೆ ಮಾಡಿದೆ?"

ನಂಜಮ್ಮ ಗೋಡೆಯ ಕಡೆ ನೋಡುತ್ತ, "ಕೇಳಿ ಲಾಯರಪ್ಪಾ, ಚೆನ್ನಾಗ್ ಕೇಳಿ. ಗಾಡಿ ಮೇಲೆ ಬರೋ ಗಂಡ್ಸಿಗೆ ಫೋನ್ ಮಾಡಿ ನನ್ ಮಗನ್ನ ನುಂಗ್ಬುಟ್ಳು" ಎಂದರು. ಬಹಳ ದಿನದಿಂದ ಹೇಳುತ್ತ ಬಂದು ಸವೆದುಹೋದ ಮಾತಿನಂತಿತ್ತು. ಅದರಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

ನಾನು ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. "ಅಂಥದ್ದೇನಮ್ಮಾ ಅವಸರ ಇತ್ತು? ಮನೆಗೆ ಬೆಂಕಿ ಬಿದ್ದಿತ್ತಾ? ಅರ್ಧ ಗಂಟೆ ತಡ್ಕೊಂಡಿದ್ರೆ ಮನೆಗೇ ಬರ್ತಿದ್ದ ಅಲ್ವಾ? ಏನು ಅಷ್ಟು ಮುಖ್ಯವಾದದ್ದು?"

ಕಮಲ ಸೆರಗಿನ ಅಂಚನ್ನು ನೋಡುತ್ತ ಕೂತಳು. ನಂಜಮ್ಮ ತಟ್ಟನೆ ಎದ್ದು, "ಇಲ್ಲಿ ಸೆಕೆ ಆಯ್ತದೆ, ಉಸ್ರು ಕಟ್ತದೆ" ಎಂದು ಹೊರಗಿನ ಮೆಟ್ಟಿಲ ಬಳಿ ಹೋಗಿ ನಿಂತರು. ಆಗ ಜನವರಿ ತಿಂಗಳು, ಬೆಳಗಿನ ಹನ್ನೊಂದಾದರೂ ನಾನು ಸ್ವೆಟರ್ ತೆಗೆದಿರಲಿಲ್ಲ. ಸೊಸೆಯ ಮುಖ ನೋಡಲಾರದೆ ಮುದುಕಿ ಎದ್ದು ಹೋದಳೆಂದು ನಾನು ಅರ್ಥ ಮಾಡಿಕೊಂಡೆ. ಮನುಷ್ಯರ ಮುಖ ನೋಡಿ ಸುಳ್ಳು ನಿಜ ಹೇಳಬಲ್ಲೆ ಎಂದು ಬಾರ್ ಅಸೋಸಿಯೇಷನ್ನಿನ ಕಾಫಿ ಹೊತ್ತಿನಲ್ಲಿ ಜಂಬ ಕೊಚ್ಚಿಕೊಳ್ಳುವವನು ನಾನು.

ಅತ್ತೆ ಹೊರಗಿದ್ದಾರೆಂದು ದನಿ ತಗ್ಗಿಸಿ ಕಮಲಳಿಗೆ ಒಂದು ಉಪಾಯ ಹೇಳಿಕೊಟ್ಟೆ. "ಮಗು ಫೋನಲ್ಲಿ ಆಟ ಆಡ್ತಾ ಒತ್ತಿಬಿಟ್ಟಿತ್ತು ಅಂದುಬಿಡು. ನೀನು ಮಾಡಿದ್ದೇ ಅಲ್ಲ ಅಂತಾಗುತ್ತೆ."

ಅವಳು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. "ಮಗೀನ ಮೇಲೆ ಹಾಕೋದಾ ಸಾರ್? ನಾಳೆ ದೊಡ್ಡೋಳಾಗಿ, ನನ್ನಿಂದ್ಲೇನಮ್ಮಾ ಅಪ್ಪ ಸತ್ತಿದ್ದು ಅಂತ ಕೇಳುದ್ರೆ ನಾನೇನ್ ಹೇಳ್ಲಿ?"

ನಾನು ಫೈಲಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದೆ. ನಾಚಿಕೆಯಾದಾಗ ವಕೀಲರು ಮಾಡುವ ಕೆಲಸ ಅದು.

ಕೊನೆಗೆ ಬೇರೆ ದಾರಿ ತೋರಿಸಿದೆ. ಅಪಘಾತ ಮಾಡಿದವರ ತಪ್ಪನ್ನು ಸಾಬೀತು ಮಾಡಿ ಪರಿಹಾರ ಪಡೆಯುವುದು ಒಂದು ವಿಧ. ಅದು ಈ ಕೇಸಿನಲ್ಲಿ ಆಗದ ಮಾತು. ಆದರೆ ತಪ್ಪು ಯಾರದೆಂದು ಕೇಳದೆಯೇ ಪರಿಹಾರ ಕೊಡುವ ಕಲಂ ಇನ್ನೊಂದಿದೆ. ಕಾನೂನೇ ಗೊತ್ತು ಮಾಡಿರುವ ಒಂದು ಮೊತ್ತ. ದೊಡ್ಡದಲ್ಲ, ಆದರೆ ಜಗಳವಿಲ್ಲದೆ ಬರುತ್ತದೆ. ಸಾವಾಗಿದೆ, ವಾಹನವಿತ್ತು, ವಿಮೆಯಿತ್ತು ಎಂದು ತೋರಿಸಿದರೆ ಮುಗಿಯಿತು. ಸಾಕ್ಷಿ ಬೇಡ, ವಾದ ಬೇಡ. ಸೋಮಾರಿ ವಕೀಲನಿಗೆ ದೇವರು ಕೊಟ್ಟ ಕಲಂ ಅದು, ನನಗೆ ಬಹಳ ಪ್ರಿಯವಾದದ್ದು.

ಕಮಲ ಮುಂದಕ್ಕೆ ಬಗ್ಗಿ ಕೇಳಿದಳು. "ಹಂಗಂದ್ರೆ ಯಾರ್ ತಪ್ಪೂ ಅಲ್ಲ ಅಂತ ಕೋರ್ಟೇ ಬರ್ಕೊಡ್ತದಾ ಸಾರ್?"

ಅವಳ ಕಣ್ಣಿನಲ್ಲಿ ಆಗ ಏನೋ ಇತ್ತು. ಅದನ್ನು ಗಮನಿಸಿ ಸರಿಯಾಗಿ ಬಿಡಿಸಿ ಹೇಳಬೇಕಿತ್ತು. ಯಾರ ತಪ್ಪೂ ಅಲ್ಲ ಎಂಬುದಕ್ಕೂ, ಯಾರ ತಪ್ಪೆಂದು ನಾವು ಕೇಳುವುದಿಲ್ಲ ಎಂಬುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಆದರೆ ಊಟದ ಹೊತ್ತಾಗುತ್ತಿತ್ತು, ಬೆಳಿಗ್ಗೆ ಸರೋಜ ಅಕ್ಕಿ ರೊಟ್ಟಿ ಕಟ್ಟಿಕೊಟ್ಟಿದ್ದಳು. "ಹೆಚ್ಚೂ ಕಡಿಮೆ ಹಾಗೇ" ಎಂದೆ. ನನ್ನ ವೃತ್ತಿಯಲ್ಲಿ ಆಗಿರುವ ಅನಾಹುತಗಳಲ್ಲಿ ಮುಕ್ಕಾಲು ಪಾಲು ಈ ಹೆಚ್ಚೂ ಕಡಿಮೆಯಿಂದಲೇ ಆಗಿವೆ.

"ಹಂಗಾದ್ರೆ ಅದೇ ಹಾಕಿ ಸಾರ್. ದುಡ್ಡು ಕಮ್ಮಿ ಬಂದ್ರೂ ಪರ್ವಾಗಿಲ್ಲ" ಎಂದಳು.

ಕೇಸು ಹಾಕಿದೆವು. ಕೋರ್ಟಿನ ದಿನಾಂಕಗಳು ಬಂದವು, ಹೋದವು. ಜಗಳವಿಲ್ಲದ ಕೇಸಿಗೂ ವರ್ಷ ಹಿಡಿಯುವಂಥ ಶಕ್ತಿ ನಮ್ಮ ನ್ಯಾಯಾಂಗಕ್ಕಿದೆ. ಅತ್ತೆ ಸೊಸೆ ಪ್ರತಿ ಸಲವೂ ಬಂದು ಕಾರಿಡಾರಿನ ಎರಡು ಕಂಬಗಳಿಗೆ ಒರಗಿ ಕೂರುತ್ತಿದ್ದರು. ಪ್ರತಿ ಸಲವೂ ಇನ್ನೊಬ್ಬ ಬರುತ್ತಿದ್ದ. ಹೆತ್ತೂರಿನ ಶಿವಣ್ಣ, ಆ ಪಿಕಪ್ಪಿನ ಡ್ರೈವರು. ಅವನು ಬರಬೇಕಾದ ಅಗತ್ಯವೇ ಇರಲಿಲ್ಲ. ಪೊಲೀಸರು ಅವನದೇನೂ ತಪ್ಪಿಲ್ಲ ಎಂದಿದ್ದರು, ನಾವೂ ಅವನ ತಪ್ಪು ಹೇಳುತ್ತಿರಲಿಲ್ಲ, ಹಣ ಕೊಡಬೇಕಾದದ್ದು ವಿಮಾ ಕಂಪನಿ. "ನೀನು ಬರೋದು ಬೇಡಪ್ಪಾ" ಎಂದು ಎರಡು ಸಲ ಹೇಳಿದ್ದೆ. "ಇರ್ಲಿ ಸಾರ್" ಎನ್ನುವನು. ಎತ್ತರದ ಆಳು, ಕಾರಿಡಾರಿನ ಕೊನೆಯಲ್ಲಿ ಕೈಕಟ್ಟಿಕೊಂಡು, ತನ್ನ ಎತ್ತರವನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ನಿಲ್ಲುವನು. ಆ ಹೆಂಗಸರು ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೇಸು ಕೂಗಿ ಮುಗಿದ ಮೇಲೆ ಬಸ್ಸು ಹತ್ತಿ ಹೋಗುವನು. ಡ್ರೈವರು ಯಾಕೆ ಬಸ್ಸಿನಲ್ಲಿ ಓಡಾಡುತ್ತಾನೆಂದು ನಾನು ಯೋಚಿಸಲಿಲ್ಲ. ನನ್ನ ಫೈಲಿನಲ್ಲಿ ಅವನು ಎರಡನೇ ಎದುರುದಾರ, ಅಷ್ಟೆ.

ಕೊನೆಗೊಂದು ದಿನ ಆದೇಶವಾಯಿತು. ಹಣ ಅವರ ಖಾತೆಗಳಿಗೆ ಬಂತು. ನನ್ನ ಲೆಕ್ಕದಲ್ಲಿ ಕೇಸು ಮುಗಿದಿತ್ತು. ಆದರೆ ಒಂದು ಬೆಳಿಗ್ಗೆ ಕಮಲ ಒಬ್ಬಳೇ ಬಂದಳು. ಕೈಯಲ್ಲಿ ಆದೇಶದ ನಕಲಿತ್ತು, ಪ್ಲಾಸ್ಟಿಕ್ ಕವರಿನೊಳಗೆ, ಮದುವೆ ಪತ್ರಿಕೆಯಂತೆ ಜೋಪಾನವಾಗಿ.

"ಸಾರ್, ಇದು ಇಂಗ್ಲಿಷಲ್ಲಿ ಐತೆ. ನೀವು ಒಂದ್ ಭಾನುವಾರ ಮನೆಗೆ ಬಂದು ನಮ್ಮತ್ತೆಗೆ ಓದಿ ಹೇಳ್ಬೇಕು. ಯಾರ್ ತಪ್ಪೂ ಅಲ್ಲ ಅಂತ ಬರ್ದಿರೋ ಜಾಗ ಐತಲ್ಲ, ಅದನ್ನ."

ಆಗ ನನಗೆ ನನ್ನ ಹೆಚ್ಚೂ ಕಡಿಮೆ ನೆನಪಾಯಿತು. ಕೆಮ್ಮಿ, ಕನ್ನಡಕ ಒರೆಸಿಕೊಂಡು ಕಾನೂನು ವಿವರಿಸಲು ಹೊರಟೆ. ಅಲ್ಲಿ ಹಾಗೆ ಬರೆದಿಲ್ಲ, ಅರ್ಜಿದಾರರು ಯಾರ ತಪ್ಪನ್ನೂ ರುಜುವಾತು ಮಾಡಬೇಕಾದ ಅಗತ್ಯವಿಲ್ಲ ಎಂದಷ್ಟೇ ಇದೆ, ಅದಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂದೆಲ್ಲ ಹೇಳಿದೆ. "ನಿನ್ನ ಮೇಲಿನ ಅಪವಾದ ಹೋಗಬೇಕು ಅಂತ ನಿನಗಿರೋ ಆಸೆ ನನಗೆ ಅರ್ಥವಾಗುತ್ತಮ್ಮ. ಆದ್ರೆ ಕೋರ್ಟು ಬರೆಯದೇ ಇದ್ದದ್ದನ್ನ ನಾನು ಓದೋಕಾಗಲ್ಲ" ಎಂದು ಗಾಂಭೀರ್ಯದಿಂದ ಮುಗಿಸಿದೆ. ಮಗುವಿನ ಮೇಲೆ ಸುಳ್ಳು ಹಾಕು ಎಂದು ಇದೇ ಕುರ್ಚಿಯಲ್ಲಿ ಕೂತು ಹೇಳಿದವನು.

"ನಂಗಲ್ಲ ಸಾರ್" ಎಂದಳು ಕಮಲ. "ಅವತ್ತು ಫೋನ್ ಮಾಡ್ಸಿದ್ದು ನಮ್ಮತ್ತೆ. ಎಲೆ ಮುಗ್ದೋಗಿತ್ತು. ಎಲೆ ಅಡಿಕೆ ಹಾಕ್ದೆ ಅವರಿಗೆ ಕೈ ಕಾಲು ಆಡ್ತಿರ್ಲಿಲ್ಲ. ಒಂದ್ ಕಟ್ಟು ಎಲೆ ತರೋಕೆ ಹೇಳೇ ಅವ್ನಿಗೆ, ಅಂದ್ರು. ಯಜಮಾನ್ರು ಮನೆಗ್ ಬಂದ್ಮೇಲೆ ಹೇಳಿದ್ರೆ ಇನ್ನೊಂದ್ಸಲ ಹೋಗ್ಬೇಕಾಯ್ತದೆ ಅಂತ ನಾನು ಆಗ್ಲೇ ಮಾಡ್ದೆ."

ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಸಿರಪ್ಪು ಕೇಳುತ್ತಿದ್ದರು. ಅದು ಸ್ಪಷ್ಟವಾಗಿ ಕೇಳಿಸಿತು.

"ಈ ವಿಷಯ ಯಾರಿಗೆ ಗೊತ್ತು?" ಎಂದೆ.

"ನಮ್ಮಿಬ್ರಿಗೇ. ನಾನು ಯಾರ್ಗೂ ಹೇಳಿಲ್ಲ. ಹೇಳಲ್ಲ ಅಂತ ಅವರಿಗೂ ಗೊತ್ತು, ಅದಕ್ಕೇ ನನ್ ಕಂಡ್ರೆ ಆಗಲ್ಲ. ಅವತ್ತಿಂದ ಅವರು ಎಲೆ ಮುಟ್ಟಿಲ್ಲ ಸಾರ್. ಬಾಯಿಗೆ ಏನಾದ್ರೂ ಬೇಕಲ್ಲ, ನನ್ನ ಬೈತಾರೆ. ಬೈಯ್ಲಿ. ಆದ್ರೆ ಈಗೀಗ ಬೈಯೋದೂ ಬುಟ್ಬುಟ್ಟವ್ರೆ. ಊಟನೂ ಸರಿಯಾಗ್ ಮಾಡಲ್ಲ. ನಂಗೆ ಭಯ ಆಯ್ತದೆ."

ಮುಖ ನೋಡಿ ಸುಳ್ಳು ನಿಜ ಹೇಳುವ ನಾನು, ಜನವರಿ ತಿಂಗಳಲ್ಲಿ ಸೆಕೆ ಎಂದು ಎದ್ದುಹೋದ ಮುದುಕಿಯನ್ನು ನೆನೆದುಕೊಂಡೆ. ಅಷ್ಟು ಮುಖ್ಯವಾದದ್ದೇನಿತ್ತು ಎಂದು ನಾನು ಕೇಳಿದ್ದು ಸೊಸೆಯನ್ನಲ್ಲ, ಗೊತ್ತಿಲ್ಲದೆಯೇ ಅತ್ತೆಯನ್ನು. ಮನೆಗೆ ಬೆಂಕಿ ಬಿದ್ದಿತ್ತಾ ಎಂದು ಬೇರೆ ಕೇಳಿದ್ದೆ.

ಭಾನುವಾರ ಬೆಳಗೋಡಿನ ಕಡೆ ಹೋದೆ. ಗದ್ದೆಯ ಮೇಲ್ಭಾಗದ ಪುಟ್ಟ ಹೆಂಚಿನ ಮನೆ. ನಂಜಮ್ಮ ಜಗಲಿಯ ಮೇಲೆ ಮೊರದಲ್ಲಿ ಮೆಣಸು ಆರಿಸುತ್ತ ಕೂತಿದ್ದರು. ಮೊದಲು ಕಂಡಾಗಿನದಕ್ಕಿಂತ ಅರ್ಧವಾಗಿದ್ದರು. ನನ್ನನ್ನು ಕಂಡು ಏಳಲು ಹೋದರು, ನಾನು ಬೇಡವೆಂದು ಪಕ್ಕದಲ್ಲೇ ಕೂತೆ. ಕಮಲ ಬಾಗಿಲ ಬಳಿ ನಿಂತಳು. ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಳು, ಕಮಲಳೇ ಬೇಕೆಂದು ಕಳಿಸಿದ್ದಳೆಂದು ಕಾಣುತ್ತದೆ.

ಕವರಿನಿಂದ ಆದೇಶವನ್ನು ತೆಗೆದು ಗಂಟಲು ಸರಿ ಮಾಡಿಕೊಂಡೆ. ಹೈಕೋರ್ಟಿನಲ್ಲಿ ನಿಂತಾಗಲೂ ನಾನು ಇಷ್ಟು ಹೆದರಿರಲಿಲ್ಲ. ಹೈಕೋರ್ಟಿನಲ್ಲಿ ನಾನು ನಿಂತದ್ದು ಒಂದೇ ಸಲ, ಅದೂ ದಿನಾಂಕ ಮುಂದಕ್ಕೆ ಕೇಳಲು, ಎಂಬುದು ಬೇರೆ ಮಾತು. ಇಂಗ್ಲಿಷಿನ ಸಾಲುಗಳ ಮೇಲೆ ಬೆರಳಿಟ್ಟು, ನಿಧಾನವಾಗಿ ಕನ್ನಡದಲ್ಲಿ ಹೇಳಿದೆ. "ಎಲ್ಲವನ್ನೂ ವಿಚಾರಿಸಿ ನೋಡಲಾಗಿ, ರಮೇಶನ ಸಾವು ಯಾರ ತಪ್ಪಿನಿಂದಲೂ ಆದದ್ದಲ್ಲ ಎಂದು ಈ ನ್ಯಾಯಾಲಯ ತೀರ್ಮಾನಿಸುತ್ತದೆ."

ನಂಜಮ್ಮನ ಬೆರಳು ಮೆಣಸಿನ ಮೇಲೆ ನಿಂತಿತು. "ಇನ್ನೊಂದ್ಸಲ ಓದಪ್ಪ."

ಓದಿದೆ. ಈ ಸಲ 'ಮನೆಯವರದಾಗಲಿ ಹೊರಗಿನವರದಾಗಲಿ' ಎಂದೂ ಸೇರಿಸಿದೆ. ಕರಡು ತಿದ್ದುವ ಅಭ್ಯಾಸ.

ಅವರು ಬಾಗಿಲಿನತ್ತ ಕಣ್ಣು ಹಾಯಿಸಿ, ನನ್ನ ಕಿವಿಗೆ ಮಾತ್ರ ಕೇಳುವಂತೆ ಕೇಳಿದರು. "ಅದ್ರಲ್ಲಿ ಎಲೆ ಇಚಾರ ಬರ್ದೈತಾ?"

"ಇಲ್ಲಮ್ಮ."

"ಹಂಗಾದ್ರೆ ಜಡ್ಜು ಸಾಹೇಬ್ರಿಗೆ ಗೊತ್ತಿಲ್ಲ. ಗೊತ್ತಿಲ್ದೇ ಹೇಳವ್ರೆ."

ಮೂವತ್ತು ವರ್ಷದ ವಕೀಲಿಯಲ್ಲಿ ನನ್ನ ವಾದದ ಬುಡವನ್ನು ಯಾವ ಎದುರು ವಕೀಲರೂ ಇಷ್ಟು ಸುಲಭವಾಗಿ ಕಿತ್ತಿರಲಿಲ್ಲ. ಹಾಳೆಯನ್ನು ಮಡಚಿ ಹೇಳಿದೆ. "ಗೊತ್ತಿತ್ತಮ್ಮ. ನಾನೇ ಒಳಗೆ ಹೋಗಿ ಅವರಿಗೊಬ್ಬರಿಗೇ ಹೇಳಿದ್ದೆ. ಕೇಳಿಸ್ಕೊಂಡ್ರು. ಅವರಿಗೂ ತಾಯಿ ಇದಾರಂತೆ, ಎಲೆ ಅಡಿಕೆ ಹಾಕ್ತಾರಂತೆ. ಇದನ್ನ ಬರೆಯೋದು ಬೇಡ ಅಂತ ಅವರೇ ಬಿಟ್ಟರು."

ನ್ಯಾಯಾಧೀಶರಿಗೆ ತಾಯಿ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನು ಅವರು ಓದುವ ಸಂಭವ ಕಡಿಮೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಂಜಮ್ಮ ಅಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಸೀರೆಯ ಮಡಿಲಿನ ಮೆಣಸಿನ ಸಿಪ್ಪೆ ಕೊಡವಿ, ಬಾಗಿಲ ಕಡೆ ತಿರುಗಿದರು. ವರ್ಷದ ಮೇಲೆ, ನನ್ನ ಮಧ್ಯಸ್ಥಿಕೆಯಿಲ್ಲದೆ, ಸೊಸೆಗೆ ನೇರವಾಗಿ ಅವರು ಆಡಿದ ಮಾತನ್ನು ನಾನು ಮೊದಲ ಸಲ ಕೇಳಿದೆ. "ನಿಂತ್ಕೊಂಡ್ ಏನ್ ನೋಡ್ತೀಯೇ? ಲಾಯರಪ್ಪಂಗೆ ಕಾಫಿ ಮಾಡು. ನೀನೂ ಒಂದ್ ಲೋಟ ಕುಡಿ, ಬೆಳಿಗ್ಗಿಂದ ಏನೂ ತಿಂದಿಲ್ಲ."

ಕಮಲ ಒಳಗೆ ಹೋದಳು. ಕಾಫಿ ಬರಲು ಬಹಳ ಹೊತ್ತಾಯಿತು. ಬಂದಾಗ ಅದರಲ್ಲಿ ಸಕ್ಕರೆ ಇರಲಿಲ್ಲ, ನಾವು ಮೂವರೂ ಹೇಳದೆ ಕುಡಿದೆವು.

ಇಷ್ಟಕ್ಕೆ ಮುಗಿದಿದ್ದರೆ ನಾನು ಸ್ವಲ್ಪ ದಿನ ನನ್ನನ್ನು ದೊಡ್ಡ ಮನುಷ್ಯನೆಂದುಕೊಂಡು ಓಡಾಡುತ್ತಿದ್ದೆ. ಆದರೆ ನಂಜಮ್ಮ ತನಗೆ ಸಿಕ್ಕ ತೀರ್ಪನ್ನು ಬಸ್ಸಿನಲ್ಲಿ, ಸಂತೆಯಲ್ಲಿ ಎಲ್ಲರಿಗೂ ಹೇಳಿದ್ದರು. ಎಲೆಯ ಸಂಗತಿ ಬಿಟ್ಟು, ಉಳಿದದ್ದನ್ನೆಲ್ಲ. ಎರಡು ವಾರದ ಮೇಲೆ ಶಿವಣ್ಣ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬಂದವನು ಕೂರಲು ಹೇಳಿದರೂ ಕೂರಲಿಲ್ಲ.

"ಯಾರ್ ತಪ್ಪೂ ಅಲ್ಲ ಅಂತ ಕೋರ್ಟಲ್ಲಿ ಆಗೈತಂತೆ, ನೀವು ಓದಿದ್ರಂತೆ ಸಾರ್" ಎಂದ. "ಬಸ್ಸಲ್ಲಿ ಆ ಅಜ್ಜಿನೇ ಹೇಳ್ತಿದ್ರು. ನನ್ನ ನೋಡಿ ಮುಖ ತಿರುಗಿಸ್ಲಿಲ್ಲ, ನಿಂಗೂ ಸೇರಿ ಕಣಪ್ಪ ಅಂದ್ರು."

"ನಿನ್ನದೇನೂ ತಪ್ಪಿಲ್ಲ ಅಂತ ಪೊಲೀಸರೇ ಬರೆದಿದಾರಲ್ಲಪ್ಪ" ಎಂದೆ.

"ಅವರು ಬರ್ದಿದ್ದು ಗಾಡಿ ವಿಚಾರ ಸಾರ್. ನಂಗೊಂದ್ಸಲ ಓದಿ." ತನ್ನ ಅಂಗೈ ನೋಡಿಕೊಂಡು ಹೇಳಿದ. "ನಾನು ಅವತ್ತಿಂದ ಸ್ಟೇರಿಂಗ್ ಮುಟ್ಟಿಲ್ಲ. ಎಸ್ಟೇಟಲ್ಲಿ ಕಾಫಿ ಗಿಡದ ಚಿಗುರು ತೆಗೆಯೋ ಕೂಲಿಗೆ ಹೋಯ್ತೀನಿ."

ಫೈಲು ತೆಗೆದು ಓದಿದೆ. ಈಗ ಆ ಸಾಲು ನನಗೆ ಬಾಯಿಪಾಠವಾಗಿತ್ತು. ಅವನು ದೇವಸ್ಥಾನದಲ್ಲಿ ನಿಂತಂತೆ ಕೈಕಟ್ಟಿಕೊಂಡು ಕೇಳಿಸಿಕೊಂಡ. ಮುಗಿದ ಮೇಲೂ ಹಾಗೆಯೇ ನಿಂತಿದ್ದ. ಅವನ ಮುಖ ಇನ್ನೇನು ಸಡಿಲವಾಗುತ್ತದೆ ಎಂದು ನಾನು ಕಾದೆ.

"ಆದ್ರೂ ಸಾರ್," ಎಂದ, "ಆ ತಿರುವಿಗ್ ಮುಂಚೆ ನಾನು ಯಾವಾಗ್ಲೂ ಎರಡ್ ಸಲ ಹಾರನ್ ಹೊಡೀತಿದ್ದೆ. ಅವತ್ತು ಒಂದೇ ಸಲ ಹೊಡ್ದೆ."

ಅದಕ್ಕೆ ನನ್ನ ಬಳಿ ಯಾವ ಕಲಮೂ ಇರಲಿಲ್ಲ. ಒಂದು ಸಲ ಹೊಡೆದರೂ ಸಾಕು, ಕಾನೂನಿನ ಪ್ರಕಾರ ಅದೇ ಹೆಚ್ಚು ಎಂದೆ. ಅವನು ನನ್ನನ್ನು ಸಮಾಧಾನ ಮಾಡುವವನಂತೆ ತಲೆಯಾಡಿಸಿ, "ಸರಿ ಸಾರ್, ಬರ್ತೀನಿ" ಎಂದು ಇಳಿದು ಹೋದ. ಕಿಟಕಿಯಿಂದ ನೋಡಿದೆ. ಎದುರು ನಿಂತಿದ್ದ ಹೆತ್ತೂರಿನ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಡ್ರೈವರಿನ ಹಿಂದಿನ ಸೀಟು ಖಾಲಿಯಿದ್ದರೂ ಬಿಟ್ಟು, ರಸ್ತೆ ಕಾಣದ ಕೊನೆಯ ಸೀಟಿಗೆ ಹೋಗಿ ಕೂತ.

ಅವತ್ತು ಬೇರೆ ಕೆಲಸ ಮಾಡಲು ಮನಸ್ಸಾಗದೆ ಮೂರು ಗಂಟೆಗೇ ಮನೆಗೆ ಹೋದೆ. ಸರೋಜ ಹಾಲನ್ನು ಒಲೆಯ ಮೇಲಿಟ್ಟು, "ಒಂದು ನಿಮಿಷ ನೋಡ್ಕೊಳ್ರೀ, ಬಟ್ಟೆ ತಗೊಂಡು ಬರ್ತೀನಿ" ಎಂದು ಹಿತ್ತಲಿಗೆ ಹೋದಳು. ನಾನು ಒಲೆಯ ಮುಂದೆಯೇ ನಿಂತು, ಹಾಲನ್ನೇ ನೋಡುತ್ತಿದ್ದೆ. ನೋಡುತ್ತಿದ್ದ ಹಾಗೆಯೇ ಅದು ಏರಿತು, ಅಂಚಿಗೆ ಬಂತು, ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಎರಡು ಸಲ ಹಾರನ್ ಹೊಡೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ನಿಂತಿದ್ದೆನೇ ಹೊರತು ಕೈ ಚಾಚಿ ಗ್ಯಾಸ್ ಆರಿಸಲಿಲ್ಲ.

ಸೀದ ವಾಸನೆಗೆ ಓಡಿ ಬಂದ ಸರೋಜ ಕೇಳಿದಳು, "ಇಲ್ಲೇ ನಿಂತಿದ್ರಲ್ರೀ! ಏನಿದು?"

"ಯಾರ ತಪ್ಪೂ ಅಲ್ಲ ಕಣೇ" ಎಂದೆ.

"ಅದೆಲ್ಲ ನಿಮ್ಮ ಕೋರ್ಟಲ್ಲಿ ಇಟ್ಕೊಳ್ಳಿ" ಎಂದು ಅವಳು ಒರೆಸುವ ಬಟ್ಟೆಯನ್ನು ನನ್ನ ಕೈಗಿತ್ತಳು. "ತಪ್ಪು ನಿಮ್ದು. ಒರೆಸಿ."

ನಾನು ಮೇಲ್ಮನವಿ ಸಲ್ಲಿಸಲಿಲ್ಲ. ಬಗ್ಗಿ, ಬರ್ನರಿನ ಸಂದಿಯಲ್ಲಿ ಇಳಿದಿದ್ದ ಹಾಲನ್ನು ಬೆರಳು ಹಾಕಿ ಹಾಕಿ ಒರೆಸಿದೆ. ಬಟ್ಟೆಯಿಂದ ಒರೆಸಿದರೆ ಹೋಗುವಂಥ ತಪ್ಪು ಮನುಷ್ಯನಿಗೆ ದಿನವೂ ಸಿಗುವುದಿಲ್ಲ. ಸಾಕಿನ್ನು ಬಿಡಿ ಎಂದು ಸರೋಜ ಎರಡು ಸಲ ಹೇಳಿದರೂ ಬಿಡದೆ, ಒಲೆ ಫಳಫಳ ಹೊಳೆಯುವವರೆಗೆ ಉಜ್ಜುತ್ತಲೇ ಇದ್ದೆ.